ಕಂಡುದನ್ನು ಹೇಳಿದವರು

ಮೃತನ ದೇಹವು ದೊರೆಯದಿದ್ದಲ್ಲಿ ಮುತ್ತುಗದ ಎಲೆಗಳಿಂದ ಪ್ರತಿಕೃತಿಯನ್ನು ರಚಿಸಿ ದಹಿಸಬೇಕೆಂದೂ, ತಿಥಿಯು ತಿಳಿಯದಿದ್ದಲ್ಲಿ ಅಮಾವಾಸ್ಯೆಯಂದು ಶ್ರಾದ್ಧವನ್ನು ನಡೆಸಬಹುದೆಂದೂ ಧರ್ಮಶಾಸ್ತ್ರಗ್ರಂಥಗಳು ವಿಧಿಸಿರುವುವು. ದೇಶಾಂತರದಲ್ಲಿ, ಹೊಳೆಯಲ್ಲಿ, ಅಡವಿಯಲ್ಲಿ ಅಳಿದವರನ್ನು ನೆನೆದು ಪೂರ್ವಿಕರು ಈ ಏರ್ಪಾಡನ್ನು ಮಾಡಿರಬೇಕು. ಆದರೆ ರಾಜಭಟರ ವಶದಲ್ಲಿ ಕಾಣೆಯಾದವನ ವಿಷಯದಲ್ಲಿ ಇದು ಸಾಲದು. ಅವನು ಸತ್ತನೆಂಬುದನ್ನೇ ಒಪ್ಪಿಕೊಳ್ಳುವವರು ಇರುವುದಿಲ್ಲ.

ಕೇರಳದ ಹಿಂದೀ ಪ್ರಾಧ್ಯಾಪಕರಾಗಿದ್ದ ಈಚರ ವಾರಿಯರ್ ಅವರಿಗೆ ಒದಗಿದ ದುಃಖವು ಇಂತಹುದು. ಅವರ ಮಗ ರಾಜನ್ ಕಲ್ಲಿಕೋಟೆಯ ರೀಜನಲ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಯಾಗಿದ್ದನು. ಅದು ತುರ್ತುಪರಿಸ್ಥಿತಿಯ ಕಾಲ. 1976ನೆಯ ಫೆಬ್ರವರಿ 28ರಂದು ಕಾಯಣ್ಣದ ಪೋಲೀಸು ಠಾಣೆಯ ಮೇಲೆ ನಕ್ಸಲರ ದಾಳಿಯಾಯಿತು. ಮಾರ್ಚಿ 1ರ ನಸುಕಿನಲ್ಲಿ ಪೋಲೀಸರು ಕಾಲೇಜಿನ ವಸತಿಗೃಹಕ್ಕೆ ಬಂದು ರಾಜನನ್ನು ಕರೆದೊಯ್ದರು. ಕಕ್ಕಯದ ಶಿಬಿರದಲ್ಲಿ ಹಿಡಿದು ತಂದವರ ತೊಡೆಗಳ ಮೇಲೆ ಒನಕೆಯನ್ನು ಉರುಳಿಸುತ್ತಿದ್ದರು. ಬತ್ತವನ್ನು ಕುಟ್ಟುವ ಮನೆಯ ಸಾಧನಕ್ಕೆ ಇಂತಹ ಉಪಯೋಗವೂ ಉಂಟೆಂಬುದನ್ನು ಯಾವ ಗೃಹಿಣಿಯು ಊಹಿಸಿಯಾಳು?

ಕಾಲೇಜಿನ ಪ್ರಿನ್ಸಿಪಾಲರಾದ ಬಹಾವುದ್ದೀನರು ತಂದೆಗೆ ರಿಜಿಸ್ಟರ್ ಟಪಾಲಿನಲ್ಲಿ ಒಂದು ಪತ್ರವನ್ನು ಬರೆದರು: ತಮ್ಮ ಮಗನನ್ನು ಪೋಲೀಸರು ವಶಪಡಿಸಿಕೊಂಡಿರುವರು, ಎಂದು. ಕೆಲವೇ ಮಾತಿನ ಪತ್ರ. ಸರ್ಕಾರದ ಸಂಬಳವನ್ನು ಉಣ್ಣುವವರು ಆ ದಿನಗಳಲ್ಲಿ ಇಂತಹ ಮಾತನ್ನು ಕಾಗದದ ಮೇಲೆ ಇಡಲು ಅಂಜುತ್ತಿದ್ದರು. ಬಾಯಿಮಾತಿನಲ್ಲಿ ತಿಳಿಸಿ ಸುಮ್ಮನಾಗುವುದು ಸುಲಭವಾಗಿತ್ತು. ಟಪಾಲು ಕಚೇರಿಯ ಮೊಹರಿಗೆ ಬಿದ್ದ ತಾರೀಖನ್ನು ಮಾತ್ರ ಯಾರೂ ಅಳಿಸಲಾರರು.

ವಾರಿಯರರು ಗೃಹಮಂತ್ರಿಗಳಾಗಿದ್ದ ಕೆ. ಕರುಣಾಕರನ್ ಅವರನ್ನು ಕಂಡರು. ಅರ್ಜಿಯ ಮೇಲೆ ಅರ್ಜಿಯನ್ನು ಕಳುಹಿಸಿದರು. ಉತ್ತರವಿಲ್ಲ. ನ್ಯಾಯಾಲಯಕ್ಕೆ ಹೋಗುವಂತೆಯೂ ಇರಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ಬಂಧಿತನಿಗೆ ಹೇಬಿಯಸ್ ಕಾರ್ಪಸ್ ಅರ್ಜಿಯ ಹಕ್ಕಿಲ್ಲವೆಂದು 1976ನೆಯ ಏಪ್ರಿಲ್ 28ರಂದು ಸುಪ್ರೀಂ ಕೋರ್ಟೇ ತೀರ್ಪಿತ್ತಿತ್ತು. 1977ನೆಯ ಮಾರ್ಚಿ 21ರಂದು ತುರ್ತುಪರಿಸ್ಥಿತಿಯು ಕೊನೆಗೊಂಡಿತು. ನಾಲ್ಕೇ ದಿನಗಳಲ್ಲಿ ಅವರ ಅರ್ಜಿಯು ಕೇರಳದ ಹೈಕೋರ್ಟನ್ನು ಸೇರಿತು.

ರಾಜನನ್ನು ತಾವು ಹಿಡಿದೇ ಇಲ್ಲವೆಂದು ಪೋಲೀಸರು ಪ್ರಮಾಣ ಮಾಡಿದರು. ತಂದೆಯಾದರೋ ಕಣ್ಣಾರೆ ಏನನ್ನೂ ಕಂಡವರಲ್ಲ. ಆಗ ಕಾಲೇಜಿನವರು ಎದ್ದುನಿಂತರು. ಪ್ರಿನ್ಸಿಪಾಲರೂ ವಸತಿಗೃಹದವರೂ ವಿದ್ಯಾರ್ಥಿಗಳೂ ಕಂಡುದನ್ನು ಕಂಡಂತೆ ಹೇಳಿದರು. ಶಿಬಿರದಲ್ಲಿ ಹಿಂಸೆಯನ್ನು ಅನುಭವಿಸಿ ಹೊರಬಂದವರೂ ಸಾಕ್ಷಿ ನುಡಿದರು. ನ್ಯಾಯಮೂರ್ತಿಗಳಾದ ಸುಬ್ರಹ್ಮಣ್ಯನ್ ಪೋಟಿ ಮತ್ತು ಖಾಲಿದ್ ಅವರು ಏಪ್ರಿಲ್ 13ರಂದು, ಪೋಲೀಸರು ರಾಜನನ್ನು ಹಿಡಿದದ್ದು ನಿಜವೆಂದು ನಿರ್ಣಯಿಸಿ, ಅವನನ್ನು ಹಾಜರುಪಡಿಸಬೇಕೆಂದು ಆಜ್ಞಾಪಿಸಿದರು. ಹಾಜರುಪಡಿಸಲು ಅವನು ಜೀವಿಸಿರಲಿಲ್ಲ. ಅಷ್ಟರಲ್ಲಿ ಮುಖ್ಯಮಂತ್ರಿಗಳಾಗಿದ್ದ ಕರುಣಾಕರನ್ ಏಪ್ರಿಲ್ 25ರಂದು ರಾಜೀನಾಮೆಯಿತ್ತರು. ಕೊಲೆಗಾಗಿ ಮಾತ್ರ ಯಾರಿಗೂ ಶಿಕ್ಷೆಯಾಗಲಿಲ್ಲ.

ಪೋಲೀಸರ ಮೇಲಣ ದೂರುಗಳನ್ನು ವಿಚಾರಿಸಲು ರಾಜ್ಯಕ್ಕೂ ಜಿಲ್ಲೆಗೂ ಪ್ರಾಧಿಕಾರಗಳಿರಬೇಕೆಂದು 2006ನೆಯ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆಜ್ಞೆಮಾಡಿತು. ಒಳ್ಳೆಯ ಏರ್ಪಾಡೇ ಸರಿ. ಆದರೆ ಅಲ್ಲಿ ಕುಳಿತ ನಿವೃತ್ತ ನ್ಯಾಯಾಧೀಶರ ಮುಂದೆಯೂ ಮೊದಲು ಬೇಕಾದುದು ತಾರೀಖು, ಸ್ಥಳ, ಕಂಡವನ ಮಾತು. ಅದನ್ನು ನೆರೆಹೊರೆಯವರು ಒದಗಿಸದಿದ್ದರೆ ಮನೆಯವರು ಎಲ್ಲಿಂದ ತಂದಾರು?

ವಾರಿಯರರು ಅದೇ 2006ರ ಏಪ್ರಿಲಿನಲ್ಲಿ ತೀರಿಕೊಂಡಿದ್ದರು. ಮಗನ ಎಲುಬಿನ ಚೂರೂ ಅವರಿಗೆ ದೊರೆಯಲಿಲ್ಲ. ತಾಯಿ ರಾಧೆಯವರ ಚಿತ್ತವು ಕಲಕಿದ್ದುದರಿಂದ ಆಕೆಗೆ ನಿಜವನ್ನು ಹೇಳುವ ಧೈರ್ಯವು ಗಂಡನಿಗೆ ಬರಲಿಲ್ಲ. ಆಕೆ 2000ದಲ್ಲಿ ಕಣ್ಣುಮುಚ್ಚುವವರೆಗೂ, ಮಗನೇಕೆ ಬರಲಿಲ್ಲವೆಂದು ಅವರನ್ನೇ ಕೇಳುತ್ತಿದ್ದರು.