ಮಾಡದಲ್ಲಿಟ್ಟ ಕಪ್ಪು-ಬಸಿ

1986ರ ಶ್ರಾವಣ. ಮಠದ ವ್ಯಾಸಂಗ ಮುಗಿಸಿದ ಹೊಸತರಲ್ಲಿ ಧಾರವಾಡ ಸೀಮೆಯ ಒಂದು ಹಳ್ಳಿಗೆ ಪ್ರವಚನ ಹೇಳಲು ಹೋಗಿದ್ದೆ. ಮೊದಲ ದಿನವೇ ಕುಡಿತದ ಕೇಡನ್ನು ಕುರಿತು ನಿರರ್ಗಳವಾಗಿ ಮಾತನಾಡಿದೆ. ಜನ ಚದುರಿದ ಮೇಲೆ, ಗಟಾರು ಬಳಿಯುವ ನಡುವಯಸ್ಸಿನವನೊಬ್ಬನು ಅಂಗಳದಾಚೆಯೇ ನಿಂತು ಕೈಮುಗಿದನು.

“ಯಪ್ಪಾ, ಚಾದಂಗಡ್ಯಾಗ ನನ್ನ ಕಪ್ಪು-ಬಸಿ ಹೊರಗ ಮಾಡದಾಗ ಇಟ್ಟಿರ್ತಾರ. ಕುಡದು ನಾನ ತೊಳದಿಡಬೇಕು. ಸೆರೆ ಅಂಗಡ್ಯಾಗ ಯಾರೂ ಹಂಗ ಮಾಡಂಗಿಲ್ರಿ.”

ನಾನು ನಿರುತ್ತರನಾದೆ. ಅಂದು ಬೆಳಿಗ್ಗೆ ಅದೇ ಅಂಗಡಿಯ ಒಳಗೆ ಕುಳಿತು ಚಹಾ ಸೇವಿಸಿದ್ದೆ. ಆ ಮಾಡವನ್ನೂ ಕಂಡಿದ್ದೆ.

ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿಯು 1950ರಲ್ಲಿಯೇ ರದ್ದುಗೊಳಿಸಿತ್ತು. ಸಾರಾಯಿಯೂ 2007ರ ಜುಲೈ 1ರಿಂದ ರಾಜ್ಯದಲ್ಲಿ ನಿಷೇಧವಾಯಿತು. ಅದರ ಸ್ಥಾನಕ್ಕೆ ಬೇರೆ ಮದ್ಯ ಬಂದಿತು. ಕುಡಿತಕ್ಕೆ ಅಪಮಾನವೊಂದೇ ಕಾರಣವೆಂದು ನಾನು ಹೇಳಲಾರೆ. ಯಾರೂ ಅವಮಾನಿಸದ ಮನೆಗಳಲ್ಲಿಯೂ, ನಮ್ಮ ಸಮಾಜದಲ್ಲಿಯೂ, ಕುಡಿಯುವವರಿದ್ದಾರೆ. ಆದರೆ ತಾರತಮ್ಯಕ್ಕೂ ಕುಡಿತಕ್ಕೂ ನಂಟಿರುವುದನ್ನು ಅಮೆರಿಕದ ಕಪ್ಪುಜನರ ನಡುವೆ ನಡೆದ ಅಧ್ಯಯನಗಳೂ ಕಂಡುಕೊಂಡಿವೆ. ಹಗಲೆಲ್ಲ ನುಂಗಿದ ಅವಮಾನವನ್ನು ಸಂಜೆ ಮರೆಯಬಯಸುವವನಿಗೆ ‘ಬಿಡು’ ಎನ್ನುವುದು ಸುಲಭ. ಕಪ್ಪನ್ನು ಒಳಗೆ ತರುವುದು ಕಠಿಣ. ಹೆಂಡದ ಮಾರಯ್ಯನನ್ನು ಶರಣನೆಂದು ಗೌರವಿಸುವ ನಮಗೂ ಅದು ಕಠಿಣವೇ ಆಯಿತು.

ಮರುದಿನ ಅವನನ್ನು ಒಳಗೆ ಕರೆದು ನನ್ನ ಪಕ್ಕದಲ್ಲಿ ಪ್ರಸಾದಕ್ಕೆ ಕುಳ್ಳಿರಿಸಬೇಕೆಂದುಕೊಂಡೆ. ಊರ ಹಿರಿಯರು ಏನೆಂದಾರೋ ಎಂದು ಅಳುಕಿ ಸುಮ್ಮನಾದೆ. ಪ್ರವಚನ ತಿಂಗಳ ಕೊನೆಯವರೆಗೂ ನಡೆಯಿತು. ಅವನು ಮತ್ತೆ ಬರಲಿಲ್ಲ.