ಎಂಟು ಲೋಟ ಕಾಫಿ

ಬಾಲ್ಯದಲ್ಲಿ ಪಾಠಶಾಲೆಯ ಜಗಲಿಯ ಮೇಲೆ ಕುಳಿತು ತರ್ಕಸಂಗ್ರಹವನ್ನು ಕಂಠಪಾಠ ಮಾಡಿದವನೊಬ್ಬನು ಅರವತ್ತಾರನೆಯ ವಯಸ್ಸಿನಲ್ಲಿ ಅದೇ ವಿಷಯವನ್ನು ಅಡುಗೆಮನೆಯಲ್ಲಿ ಹೊಸದಾಗಿ ಕಲಿಯಬೇಕಾಗಿ ಬಂದಿತೆಂದರೆ ವಾಚಕ ಮಹಾಶಯರು ನಗಬಹುದು. ನಗಲಿ. ನನ್ನ ಮನೆಯಲ್ಲಿ ಆಗಲೇ ಸಾಕಷ್ಟು ನಕ್ಕಾಗಿದೆ.

ನನ್ನ ತಂಗಿಯ ಮಗಳು ವಿಶ್ವವಿದ್ಯಾನಿಲಯದಲ್ಲಿ ಸಂಖ್ಯಾಶಾಸ್ತ್ರವನ್ನು ವ್ಯಾಸಂಗ ಮಾಡುತ್ತಿರುವಳು. ಕಳೆದ ರಜೆಯಲ್ಲಿ ಹದಿನೈದು ದಿನ ನಮ್ಮಲ್ಲಿ ಬಂದಿದ್ದಳು. ಒಂದು ಬೆಳಗ್ಗೆ ನಾನೇ ಕಾಫಿಯನ್ನು ಬೆರೆಸಿ ತಂದುಕೊಟ್ಟೆನು. ನಮ್ಮಾಕೆಯು ಒಂದು ಗುಟುಕು ಕುಡಿದು, "ಡಿಕಾಕ್ಷನ್ ಮೊದಲು ಹಾಕಿ ಆಮೇಲೆ ಹಾಲು ಹೊಯ್ದಿದ್ದೀರಿ. ಹಾಲಿಗೆ ಡಿಕಾಕ್ಷನ್ ಹಾಕಿದರೆ ಆ ರುಚಿಯೇ ಬೇರೆ" ಎಂದಳು. ಎರಡೂ ಸೇರಿದ ಮೇಲೆ ಯಾವುದು ಹಿಂದು ಯಾವುದು ಮುಂದು ಎಂಬುದು ನಾಲಗೆಗೆ ತಿಳಿಯುವುದೆಂದು ನಾನು ಹೇಗೆ ಒಪ್ಪಲಿ? ಭೇದವಿಲ್ಲದೆಡೆಯಲ್ಲಿ ಭೇದವನ್ನು ಕಾಣುವುದು ಭ್ರಮೆ ಎಂದು ಸಂಸ್ಕೃತದಲ್ಲಿ ಒಂದು ವಾಕ್ಯವನ್ನು ಕಟ್ಟಿ ಹೇಳಿದೆನು. ಆಕೆಯು ಉತ್ತರ ಕೊಡಲಿಲ್ಲ. ಮೂವತ್ತೆಂಟು ವರ್ಷಗಳ ದಾಂಪತ್ಯದಲ್ಲಿ ನನ್ನ ಸಂಸ್ಕೃತಕ್ಕೆ ಆಕೆಯು ಕೊಡುತ್ತ ಬಂದಿರುವ ಉತ್ತರವು ಅದೊಂದೇ.

ಆದರೆ ಹುಡುಗಿಯ ಕಣ್ಣುಗಳು ಅರಳಿದವು. "ಮಾವ, ಜಗಳ ಬೇಡ. ಇದಕ್ಕೆ ಒಂದು ಪರೀಕ್ಷೆಯಿದೆ" ಎಂದು ಒಂದು ಕಥೆಯನ್ನು ಹೇಳಿದಳು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಎಂಬಲ್ಲಿ ಒಂದು ವ್ಯವಸಾಯ ಸಂಶೋಧನಾಲಯವಿದೆ. 1919ರಲ್ಲಿ ಅಲ್ಲಿ ಸೇರಿದ ರೊನಾಲ್ಡ್ ಫಿಷರ್ ಎಂಬ ಪಂಡಿತರ ಮುಂದೆ ಮ್ಯೂರಿಯಲ್ ಬ್ರಿಸ್ಟಲ್ ಎಂಬ ಸಹೋದ್ಯೋಗಿಯು, ಬಟ್ಟಲಿಗೆ ಹಾಲು ಮೊದಲು ಬಿದ್ದಿತೋ ಚಹ ಮೊದಲು ಬಿದ್ದಿತೋ ಎಂಬುದನ್ನು ತಾನು ಕುಡಿದು ಹೇಳಬಲ್ಲೆನೆಂದರಂತೆ. ಫಿಷರ್ ಮಹಾಶಯರು ಅದನ್ನು ನಕ್ಕು ಬಿಡಲಿಲ್ಲ. ಎಂಟು ಬಟ್ಟಲುಗಳ ಪರೀಕ್ಷೆಯೊಂದನ್ನು ಕಲ್ಪಿಸಿದರು. 1935ರಲ್ಲಿ ಪ್ರಕಟವಾದ ತಮ್ಮ ಪ್ರಯೋಗವಿನ್ಯಾಸದ ಗ್ರಂಥದಲ್ಲಿ ಆ ಪರೀಕ್ಷೆಯನ್ನೇ ದೃಷ್ಟಾಂತವಾಗಿ ವಿಸ್ತರಿಸಿದರು. ಸ್ವಾರಸ್ಯವೇನೆಂದರೆ, ಆ ಸ್ತ್ರೀಯು ಗೆದ್ದಳೋ ಸೋತಳೋ ಎಂಬುದನ್ನು ಆ ಗ್ರಂಥದಲ್ಲಿ ಅವರು ಹೇಳಿಯೇ ಇಲ್ಲ. ಫಲಕ್ಕಿಂತ ವಿಧಾನವೇ ಅವರಿಗೆ ಮುಖ್ಯವಾಗಿದ್ದಿತು.

ಅಂತೆಯೇ ನಮ್ಮ ಮನೆಯಲ್ಲಿಯೂ ಎಂಟು ಲೋಟಗಳು ಸಾಲಾಗಿ ನಿಂತವು. ನಾಲ್ಕರಲ್ಲಿ ಹಾಲು ಮೊದಲು, ನಾಲ್ಕರಲ್ಲಿ ಡಿಕಾಕ್ಷನ್ ಮೊದಲು. ನಾಲ್ಕು ನಾಲ್ಕು ಎಂಬುದು ಆಕೆಗೂ ತಿಳಿದಿರುವುದು. ಯಾವುವು ಎಂಬುದು ಮಾತ್ರ ತಿಳಿಯದು. ಮೊದಲು ಹಾಲಿನ ನಾಲ್ಕನ್ನು ಕೊಟ್ಟು ಆಮೇಲೆ ಉಳಿದ ನಾಲ್ಕನ್ನು ಕೊಡೋಣವೆಂದು ನಾನು ಸೂಚಿಸಿದೆನು. ಹುಡುಗಿಯು ತಲೆಯಾಡಿಸಿ, "ಕೊನೆಯ ನಾಲ್ಕು ಆರಿಹೋಗಿರುತ್ತವೆ. ಅತ್ತೆ ಆಗ ಗುರುತಿಸುವುದು ಬಿಸಿಯನ್ನೋ ರುಚಿಯನ್ನೋ ಹೇಗೆ ತಿಳಿಯಬೇಕು?" ಎಂದು ಕೇಳಿ, ಎಂಟು ಚೀಟಿಗಳನ್ನು ಬರೆದು, ಮಡಿಸಿ, ತಪ್ಪಲೆಯಲ್ಲಿ ಹಾಕಿ ಕಲಕಿ, ಬಂದ ಚೀಟಿಯ ಕ್ರಮದಲ್ಲಿಯೇ ಲೋಟಗಳನ್ನು ಜೋಡಿಸಿದಳು.

ಆ ಕ್ಷಣದಲ್ಲಿ ನನಗೆ ಪಾಠಶಾಲೆಯ ಜಗಲಿಯು ನೆನಪಾಯಿತು. ಹೊಗೆಯಿದ್ದಲ್ಲಿ ಬೆಂಕಿಯಿರುವುದು ಸತ್ಯ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂಬುದು ಅಸತ್ಯ, ಏಕೆಂದರೆ ಹೊಗೆಗೆ ಹಸಿಯ ಸೌದೆಯೂ ಬೇಕು. ಆ ಹಸಿ ಸೌದೆಗೆ ನಮ್ಮವರು ಉಪಾಧಿ ಎಂದು ಹೆಸರಿಟ್ಟರು. ಅದನ್ನು ಮರೆತು ಮಾಡಿದ ಅನುಮಾನವು ಹೇತ್ವಾಭಾಸವಾಗಿ ಬಿದ್ದುಹೋಗುವುದೆಂದು ನಾವು ಎಷ್ಟು ಸಲ ಉರುಹಾಕಿದೆವೋ! ಕಾಫಿಯ ಬಿಸಿಯು ಇಲ್ಲಿ ಉಪಾಧಿ. ಶಬ್ದವನ್ನು ಬಲ್ಲ ನಾನು ವಸ್ತುವನ್ನು ಕಾಣಲಿಲ್ಲ; ಶಬ್ದವನ್ನು ಕೇಳಿರದ ಹುಡುಗಿಯು ಕಂಡಳು.

ಪರೀಕ್ಷೆಯ ಹೃದಯವೂ ನಮಗೆ ಅಪರಿಚಿತವಲ್ಲ. ಮೊದಲು ಪೂರ್ವಪಕ್ಷವನ್ನು ನಿಲ್ಲಿಸಬೇಕು. "ಈಕೆಗೆ ಯಾವ ಶಕ್ತಿಯೂ ಇಲ್ಲ, ಬಾಯಿಗೆ ಬಂದಂತೆ ಹೇಳುತ್ತಿರುವಳು" ಎಂಬುದೇ ಆ ಪೂರ್ವಪಕ್ಷ. ಈಗಿನವರು ಶೂನ್ಯಕಲ್ಪನೆ ಎನ್ನುವರು. ಅದು ಸತ್ಯವೆಂದೇ ಒಪ್ಪಿಕೊಂಡು, ಹಾಗಿದ್ದರೆ ಕಣ್ಣ ಮುಂದಿನ ಫಲವು ಎಷ್ಟು ಅಪರೂಪವೆಂದು ಲೆಕ್ಕ ಹಾಕಬೇಕು. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆಗಳು 70. ಸುಮ್ಮನೆ ಊಹಿಸುವವಳು ನಾಲ್ಕನ್ನೂ ಸರಿಯಾಗಿ ಆರಿಸುವ ಸಂಭವವು 70ರಲ್ಲಿ ಒಂದು. ಎಂದರೆ ನೂರಕ್ಕೆ ಒಂದೂವರೆಗಿಂತಲೂ ಕಡಿಮೆ. ಅಂತಹ ಫಲವು ಬಂದರೆ ಪೂರ್ವಪಕ್ಷವನ್ನು ಕೈಬಿಡಬಹುದು. ನೂರಕ್ಕೆ ಐದು ಎಂಬ ಗಡಿಯನ್ನು ಫಿಷರ್ ಮಹಾಶಯರು 1925ರ ತಮ್ಮ ಮತ್ತೊಂದು ಗ್ರಂಥದಲ್ಲಿ ಅನುಕೂಲಕ್ಕಾಗಿ ಸೂಚಿಸಿದರು. ಅದು ಅಂದಿನಿಂದ ಶಾಸನದಂತೆ ನಿಂತುಬಿಟ್ಟಿದೆ. ಅನುಕೂಲಕ್ಕೆಂದು ಹೇಳಿದ್ದು ವಿಧಿಯಾಗುವುದು ನಮ್ಮ ಧರ್ಮಶಾಸ್ತ್ರಗಳಲ್ಲಿ ಮಾತ್ರ ಎಂದು ನಾನು ತಿಳಿದಿದ್ದೆನು.

ನಮ್ಮಾಕೆಯು ಎಂಟನ್ನೂ ಗುಟುಕು ಗುಟುಕಾಗಿ ಕುಡಿದು, ನಡುವೆ ನೀರಿನಿಂದ ಬಾಯಿ ಮುಕ್ಕಳಿಸಿ, ನಾಲ್ಕು ಲೋಟಗಳನ್ನು ಈಚೆಗೆ ಇಟ್ಟಳು. ಮೂರು ಸರಿ, ಒಂದು ತಪ್ಪು. ನಾನು ಕೂಡಲೆ, "ಮುಕ್ಕಾಲು ಪಾಲು ಸರಿಯಾಯಿತಲ್ಲ, ಗೆದ್ದಳು" ಎಂದು ಔದಾರ್ಯವನ್ನು ತೋರಿದೆನು. ಹುಡುಗಿಯು ಲೆಕ್ಕ ಹಾಕಿದಳು: ಮೂರು ಸರಿಯಾಗುವ ಬಗೆಗಳು 16, ನಾಲ್ಕೂ ಸರಿಯಾಗುವ ಬಗೆ 1, ಒಟ್ಟು 17. 70ರಲ್ಲಿ 17 ಎಂದರೆ ನೂರಕ್ಕೆ ಸುಮಾರು 24. ಏನೂ ಅರಿಯದವನೂ ನಾಲ್ಕು ಸಲಕ್ಕೆ ಒಂದು ಸಲ ಇಷ್ಟನ್ನು ಮಾಡಿಯಾನು.

"ಹಾಗಾದರೆ ನನ್ನದು ಸುಳ್ಳೆಂದಾಯಿತೇನೆ?" ಎಂದು ನಮ್ಮಾಕೆ ಕೇಳಿದಳು.

"ಇಲ್ಲ ಅತ್ತೆ. ನಿಜವೆಂದು ತೋರಿಸಲಾಗಲಿಲ್ಲ, ಅಷ್ಟೆ. ಸುಳ್ಳೆಂದೂ ತೋರಿಸಿದಂತಾಗಲಿಲ್ಲ. ಎಂಟು ಲೋಟ ಸಾಲದು. ಹನ್ನೆರಡಿದ್ದರೆ, ಆರರಲ್ಲಿ ಒಂದು ತಪ್ಪಿದರೂ ಗಡಿಯೊಳಗೆ ಬರುತ್ತಿದ್ದಿರಿ."

ಇದು ನಿಜವೇ ಎಂದು ನಾನು ರಾತ್ರಿ ಕುಳಿತು ನೋಡಿದೆನು. ಹನ್ನೆರಡರಲ್ಲಿ ಆರನ್ನು ಆರಿಸುವ ಬಗೆಗಳು 924, ಐದಾದರೂ ಸರಿಯಾಗುವ ಬಗೆಗಳು 37, ನೂರಕ್ಕೆ ನಾಲ್ಕು. ಮರುದಿನ ಹನ್ನೆರಡು ಲೋಟಗಳನ್ನು ತೊಳೆದಿಟ್ಟೆನು. ಆದರೆ ನಮ್ಮಾಕೆಯು, ಕಾಫಿ ಇರುವುದು ಕುಡಿಯುವುದಕ್ಕೆ, ಪರೀಕ್ಷೆ ಬರೆಯುವುದಕ್ಕಲ್ಲವೆಂದು ಹೇಳಿ ಎದ್ದುಹೋದಳು. ಆ ವಿವಾದವು ಈಗಲೂ ತೀರ್ಪಾಗದೆ ಉಳಿದಿದೆ.

ಇಲ್ಲಿ ಪ್ರಸಂಗವಶಾತ್ ಒಂದು ಮಾತು. ಈ ಶಾಸ್ತ್ರವು ಸಮುದ್ರದಾಚೆಯದೆಂದು ದೂರವಿಡಬೇಕಾಗಿಲ್ಲ. ಮಹಾಲನೋಬಿಸ್ ಅವರು 1933ರಲ್ಲಿ ಕಲ್ಕತ್ತೆಯಿಂದ ಹೊರಡಿಸಿದ ಸಂಖ್ಯಾಶಾಸ್ತ್ರ ಪತ್ರಿಕೆಗೆ 'ಸಂಖ್ಯಾ' ಎಂದೇ ಹೆಸರಿಟ್ಟರು. ಈಗಿನ ವಿಜಯನಗರ ಜಿಲ್ಲೆಗೆ ಸೇರಿದ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು ಕೇಂಬ್ರಿಜ್ಜಿನಲ್ಲಿ ಫಿಷರ್ ಅವರ ಬಳಿಯಲ್ಲಿಯೇ ಸಂಶೋಧನೆ ನಡೆಸಿ 1948ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಜಗತ್ತಿನ ಅಗ್ರಗಣ್ಯ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾಗಿ ಬಾಳಿ, 2023ರಲ್ಲಿ ಕಾಲವಾದರು.

ಹೊಸ ಆಯುಧವು ಕೈಗೆ ಸಿಕ್ಕಿದವನು ಸುಮ್ಮನಿರುವನೆ? ಕೊಡೆ ತೆಗೆದುಕೊಂಡು ಹೋದ ದಿನ ಮಳೆ ಬಾರದೆಂಬ ನನ್ನ ನಂಬಿಕೆಯನ್ನು ಪರೀಕ್ಷಿಸಿದೆನು. ಅದು ಶುದ್ಧ ಕಾಕತಾಲೀಯವೆಂದು ಮೂರು ವಾರಗಳಲ್ಲಿ ತಿಳಿಯಿತು. ಆಮೇಲೆ ನನ್ನ ಜಾಣತನವನ್ನು ತೋರಿಸಿಕೊಳ್ಳುವ ಹುಮ್ಮಸ್ಸಿನಲ್ಲಿ ಹುಡುಗಿಗೆ ಒಂದು ಹಳೆಯ ವೃತ್ತಾಂತವನ್ನು ಹೇಳಿದೆನು. ಹೇಳದಿದ್ದರೆ ಚೆನ್ನಾಗಿತ್ತೆಂದು ಎರಡು ದಿನ ಅನ್ನಿಸಿತು. ಈಗ ಹಾಗೆ ಅನ್ನಿಸುತ್ತಿಲ್ಲ.

1994ರಲ್ಲಿ ನಾನು ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತದ ಉಪಾಧ್ಯಾಯನಾಗಿದ್ದೆನು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಆರಿಸುವ ಇಪ್ಪತ್ತು ಪ್ರಶ್ನೆಗಳಿದ್ದವು. ಒಂದೇ ಬೆಂಚಿನ ಇಬ್ಬರು ಹುಡುಗರು ಅದೇ ಆರು ಪ್ರಶ್ನೆಗಳಲ್ಲಿ ಅದೇ ಆರು ತಪ್ಪುಗಳನ್ನು ಮಾಡಿದ್ದರು. ಸರಿಯುತ್ತರವು ಎಲ್ಲರಿಗೂ ಒಂದೇ ಆಗಿರಬಹುದು, ತಪ್ಪು ಹೇಗೆ ಒಂದೇ ಆದೀತೆಂದು ಇಬ್ಬರಿಗೂ ಸೊನ್ನೆ ಹಾಕಿದೆನು. ಅವರಲ್ಲಿ ಬಡವನಾಗಿದ್ದವನು, ಓದಿನಲ್ಲಿ ಹಿಂದಿದ್ದವನು, ಇನ್ನೊಬ್ಬನನ್ನು ನೋಡಿ ಬರೆದನೆಂದು ನಾನೇ ನಿರ್ಣಯಿಸಿ, ತರಗತಿಯ ಎದುರಿನಲ್ಲಿ ಬೆತ್ತದಿಂದ ಎರಡು ಏಟು ಕೊಟ್ಟೆನು. ಆ ವರ್ಷದ ಕೊನೆಯಲ್ಲಿ ಅವನು ಶಾಲೆಯನ್ನು ಬಿಟ್ಟನು.

ಹುಡುಗಿಯ ಮುಂದೆ ಈಗ ನನ್ನ ನಿರ್ಣಯಕ್ಕೆ ಗಣಿತದ ಬಲವನ್ನು ಕೊಟ್ಟೆನು. "ತಪ್ಪುತ್ತರಗಳು ಮೂರು ಮೂರು. ಒಂದು ತಪ್ಪು ಕೂಡಿಬರುವ ಸಂಭವ ಮೂರರಲ್ಲಿ ಒಂದು. ಆರೂ ಕೂಡಿಬರುವುದು 729ರಲ್ಲಿ ಒಂದು. ಅವರು ನಿರಪರಾಧಿಗಳಾಗಿರುವ ಸಂಭವ ಅಷ್ಟೇ."

"ಹಾಗಲ್ಲ ಮಾವ. ನಿರಪರಾಧಿಗಳೆಂದು ಇಟ್ಟುಕೊಂಡರೆ ಹೀಗಾಗುವ ಸಂಭವ ಅದು. ಹೀಗಾಗಿರುವಾಗ ನಿರಪರಾಧಿಗಳಾಗಿರುವ ಸಂಭವವಲ್ಲ. ಅದಿರಲಿ, ತಪ್ಪುತ್ತರಗಳು ಮೂರೂ ಸಮಾನವಾಗಿದ್ದವೇ? ಉಳಿದ ಹುಡುಗರು ಏನು ಬರೆದಿದ್ದರು?"

ಉಳಿದವರದನ್ನು ನಾನು ನೋಡಿರಲಿಲ್ಲ. ಮುಖ್ಯೋಪಾಧ್ಯಾಯರು ಆಗ ವಿವರಣೆ ಕೇಳಿದ್ದುದರಿಂದ ಆ ತರಗತಿಯ ಉತ್ತರಪತ್ರಿಕೆಗಳ ಕಟ್ಟು ನನ್ನ ಬಳಿಯಲ್ಲಿಯೇ ಉಳಿದು ಅಟ್ಟದ ಟ್ರಂಕಿನಲ್ಲಿದ್ದಿತು. ಇಬ್ಬರೂ ಅದನ್ನು ಇಳಿಸಿ, ಧೂಳು ಕೊಡವಿ, ನಡುಮನೆಯಲ್ಲಿ ಹರಡಿಕೊಂಡು ಕುಳಿತೆವು. 42 ಪತ್ರಿಕೆಗಳು.

ಆ ಆರರಲ್ಲಿ ನಾಲ್ಕು ಪ್ರಶ್ನೆಗಳು ತೃತೀಯಾ ವಿಭಕ್ತಿಯ ಏಕವಚನದವು: ಪತಿ, ಸಖಿ, ದಧಿ, ಅಕ್ಷಿ. ಸರಿಯಾದ ರೂಪಗಳು ಪತ್ಯಾ, ಸಖ್ಯಾ, ದಧ್ನಾ, ಅಕ್ಷ್ಣಾ. ಆ ಇಬ್ಬರು ಗುರುತು ಹಾಕಿದ್ದುದು ಪತಿನಾ, ಸಖಿನಾ, ದಧಿನಾ, ಅಕ್ಷಿಣಾ. ಹರಿಗೆ ಹರಿಣಾ, ವಾರಿಗೆ ವಾರಿಣಾ ಎಂದು ಬಾಯಿಪಾಠ ಮಾಡಿದ ಮಗುವು ಬೇರೇನನ್ನು ಗುರುತು ಹಾಕೀತು? ಉಳಿದ 40 ಮಕ್ಕಳಲ್ಲಿ ಪತಿನಾ ಎಂದವರು 26, ದಧಿನಾ ಎಂದವರು 31. ಹರಿಶಬ್ದವನ್ನು ತಿಂಗಳುಗಟ್ಟಲೆ ಉರುಹೊಡೆಸಿ, ಈ ನಾಲ್ಕು ಅಪವಾದಗಳನ್ನು ಒಂದೇ ದಿನ ಅವಸರವಾಗಿ ಹೇಳಿ ಮುಗಿಸಿದವನು ನಾನೇ. ನಾಲ್ಕು ತಪ್ಪುಗಳೂ ಬೇರೆ ಬೇರೆಯಲ್ಲ, ಒಂದೇ ತಪ್ಪಿನ ನಾಲ್ಕು ಮುಖಗಳು. ಅವು ಹುಟ್ಟಿದ್ದು ಪಕ್ಕದ ಹುಡುಗನ ಪತ್ರಿಕೆಯಲ್ಲಲ್ಲ, ನನ್ನ ಪಾಠದಲ್ಲಿ. ಹಸಿ ಸೌದೆಯು ನಾನು.

ಉಳಿದದ್ದು ಎರಡು ತಪ್ಪು; 9ರಲ್ಲಿ ಒಂದು. ಅದು ಗಡಿಯನ್ನು ಮುಟ್ಟದು. ಹುಡುಗಿಯು ಅಷ್ಟಕ್ಕೆ ಬಿಡದೆ, ಅಕ್ಕಪಕ್ಕ ಕುಳಿತಿರದವರ ಪತ್ರಿಕೆಗಳನ್ನು ಎರಡೆರಡಾಗಿ ಹೋಲಿಸತೊಡಗಿದಳು. 42 ಜನರಲ್ಲಿ ಅಂತಹ ಜೊತೆಗಳು ಎಂಟುನೂರಕ್ಕೂ ಮಿಗಿಲು, ಎಲ್ಲವನ್ನೂ ನೋಡಲಾಗಲಿಲ್ಲ. ಸಂಜೆಯೊಳಗೆ, ಕೊಠಡಿಯ ಈ ತುದಿಯಲ್ಲಿ ಒಬ್ಬನು ಆ ತುದಿಯಲ್ಲಿ ಒಬ್ಬನು ಕುಳಿತಿದ್ದ ಒಂದು ಜೊತೆಯು ಸಿಕ್ಕಿತು. ಐದು ತಪ್ಪುಗಳು ಅಕ್ಷರಶಃ ಒಂದೇ. ಅವರಿಬ್ಬರೂ ಅನುಕೂಲಸ್ಥರ ಮನೆಯ ಮಕ್ಕಳು. ಒಂದೇ ಬೆಂಚಿನಲ್ಲಿ ಕುಳಿತಿದ್ದರೂ ನಾನು ಅವರನ್ನು ಸಂಶಯಿಸುತ್ತಿದ್ದೆನೇ ಎಂದು ಹುಡುಗಿಯು ಕೇಳಲಿಲ್ಲ. ನನಗೆ ನಾನೇ ಕೇಳಿಕೊಂಡೆನು.

ನೇಮನ್ ಮತ್ತು ಎಗಾನ್ ಪಿಯರ್ಸನ್ ಎಂಬಿಬ್ಬರು 1933ರಲ್ಲಿ ಈ ಪರೀಕ್ಷೆಗಳಲ್ಲಿ ಸಂಭವಿಸುವ ಎರಡು ಬಗೆಯ ತಪ್ಪುಗಳನ್ನು ವಿಂಗಡಿಸಿ ತೂಗಿರುವರು: ಇಲ್ಲದುದನ್ನು ಇದೆಯೆನ್ನುವುದು, ಇರುವುದನ್ನು ಇಲ್ಲವೆನ್ನುವುದು. ಒಂದನ್ನು ಕುಗ್ಗಿಸಿದರೆ ಮತ್ತೊಂದು ಹಿಗ್ಗುವುದು. ಯಾವುದನ್ನು ಸಹಿಸಬಹುದೆಂದು ಮೊದಲೇ ನಿಶ್ಚಯಿಸಬೇಕು. ಬೆತ್ತವನ್ನು ಕೈಯಲ್ಲಿ ಹಿಡಿದಾಗ ನಾನು ನಿಶ್ಚಯಿಸಿದ್ದುದು ಏನನ್ನೂ ಅಲ್ಲ. ಆ ಹುಡುಗನು ನೋಡಿ ಬರೆಯಲಿಲ್ಲವೆಂದು ಈಗಲೂ ನಾನು ಹೇಳಲಾರೆನು. ನಮ್ಮಾಕೆಯ ಕಾಫಿಯಂತೆ ಅದೂ ತೋರಿಸಲಾಗದೆ ಉಳಿದಿದೆ. ಆದರೆ ನಮ್ಮಾಕೆಗೆ ಯಾರೂ ಏಟು ಕೊಡಲಿಲ್ಲ.

ಅವನು ಈಗ ನಮ್ಮ ಊರಿನಲ್ಲಿಯೇ ದಿನಸಿ ಅಂಗಡಿಯನ್ನು ಇಟ್ಟುಕೊಂಡಿರುವನು. ನಲವತ್ತೈದರ ಆಸುಪಾಸಿನ ಗೃಹಸ್ಥ. ದಾರಿಯಲ್ಲಿ ಕಂಡರೆ ಕೈಮುಗಿಯುವನು. ನಾನು ಬೇರೆ ಅಂಗಡಿಗೆ ಹೋಗುತ್ತಿದ್ದೆನು. ಹುಡುಗಿಯು ಊರಿಗೆ ಹೊರಟ ಮರುದಿನ ಕಾಫಿಪುಡಿಯ ನೆಪದಲ್ಲಿ ಅವನಲ್ಲಿಗೆ ಹೋದೆನು. ನಾಲ್ಕು ಶಬ್ದಗಳ ವಿಷಯವನ್ನೂ ಟ್ರಂಕಿನ ವಿಷಯವನ್ನೂ ಹೇಳಿ, "ನಿನ್ನ ಓದು ನನ್ನಿಂದ ನಿಂತಿತಪ್ಪ" ಎಂದೆನು.

"ಅದಕ್ಕಲ್ಲ ಮೇಷ್ಟ್ರೇ. ಆ ವರ್ಷ ನಮ್ಮಪ್ಪ ಹಾಸಿಗೆ ಹಿಡಿದರು. ಮನೆಯಲ್ಲಿ ದುಡಿಯುವವರು ಬೇಕಾಗಿತ್ತು. ನೀವು ಹೊಡೆಯದಿದ್ದರೂ ಬಿಡುತ್ತಿದ್ದೆ" ಎಂದನು.

ಮೂವತ್ತು ವರ್ಷಗಳಿಂದ ನಾನು ಒಳಗೊಳಗೇ ಹೊತ್ತುಕೊಂಡಿದ್ದ ಆ ಅನುಮಾನವೂ ಕಾಗೆ ಕುಳಿತು ತಾಳೆಯ ಹಣ್ಣು ಬಿದ್ದಂತಹುದೇ ಆಯಿತು. ಹಗುರವಾಗಬೇಕಾಗಿತ್ತು, ಆಗಲಿಲ್ಲ. ಏಕೆಂದರೆ ಅವನು ಪುಡಿಯನ್ನು ತೂಗುತ್ತ, ಮುಖವೆತ್ತದೆ, "ಆದರೆ ನೋಡಿ ಬರೆದೆಯೋ ಇಲ್ಲವೋ ಎಂದು ನೀವು ನನ್ನನ್ನು ಕೇಳಲೇ ಇಲ್ಲ" ಎಂದನು.

"ಈಗ ಕೇಳುತ್ತೇನೆ" ಎಂದೆನು.

ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಬಂದರು. ಅವನು ಪೊಟ್ಟಣವನ್ನು ಕಟ್ಟಿ ನನ್ನ ಕೈಗಿತ್ತು, "ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ. ಮನೆಗೇ ಬನ್ನಿ ಮೇಷ್ಟ್ರೇ" ಎಂದು ಮನೆಯ ಗುರುತನ್ನು ಹೇಳಿದನು. ಇಂದು ಶುಕ್ರವಾರ.