ಎರಡೂವರೆ ಕೆಜಿ ಕಮ್ಮಿ

ಭಾಗ 1

ಮೊದಲನೇ ಫೋಟೋದಲ್ಲಿ ಇರೋದು ಹಂಪಿಯ ಸಾಸಿವೆಕಾಳು ಗಣಪ. ಈ ಫೋಟೋ ಯಾಕೆ ಹಾಕಿದೀನಿ ಅಂತ ನಮ್ಮ ಕ್ಲಾಸಿನವರಿಗೆ ಗೊತ್ತು, ಉಳಿದವರಿಗೆ ಹೇಳ್ತೀನಿ.

ಫಸ್ಟ್ ಇಯರ್‌ನಲ್ಲಿ ಎಲ್ಲರೂ ಹಂಪಿಗೆ ಹೋಗಿದ್ವಿ. ಗಣಪತಿ ಹೊಟ್ಟೆ ಬಿರಿಯ ತಿಂದ, ಹೊಟ್ಟೆ ಒಡೀಬಾರದು ಅಂತ ಹಾವನ್ನೇ ಹಿಡಿದು ಸೊಂಟಕ್ಕೆ ಬಿಗಿದುಕೊಂಡ ಅಂತ ಗೈಡ್ ಅಣ್ಣ ಕಥೆ ಹೇಳ್ತಿದ್ರು. ಎಂಟು ಅಡಿ ಎತ್ತರದ ಮೂರ್ತಿ, ಹೆಸರು ನೋಡಿದ್ರೆ ಸಾಸಿವೆಕಾಳು. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಹೆಸರು ಕೂಗಿದ್ರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವತ್ತಿನಿಂದ ಕ್ಲಾಸ್ ಗ್ರೂಪಿನಲ್ಲಿ ನಾನು 'ಸಾಸಿವೆ'. ಬೇಜಾರಿಲ್ಲ ಅಂತ ಹೇಳಿದ್ದೆ. ಬೇಜಾರಿತ್ತು.

ನನ್ನ ಪ್ರೊಫೈಲ್ ನೋಡಿದೀರಲ್ಲ, ಬರೀ ತುಂಗಭದ್ರೆ, ಬಂಡೆ, ಸೂರ್ಯಾಸ್ತ. ನಾನಿರೋ ಫೋಟೋ ಎರಡು ವರ್ಷದಿಂದ ಒಂದೂ ಇಲ್ಲ.

ಮುಂದಿನ ತಿಂಗಳು ಮೂರು ವಾರ ನಾನು ಕಾಲೇಜಿಗೆ ಬರಲ್ಲ. ತೂಕ ಇಳಿಸೋ ಆಪರೇಷನ್ ಇದೆ. 'ಜಾಂಡೀಸ್ ಅಂತ ಹೇಳು' ಅಂದ್ರು ಅಮ್ಮ. ಜಾಂಡೀಸ್ ಅಂದ್ರೆ ಎಲ್ಲರೂ ಪಾಪ ಅಂತಾರೆ, ಇದಕ್ಕೆ ಯಾರೂ ಅನ್ನಲ್ಲ ಅನ್ನೋದು ಅವರ ಲೆಕ್ಕ. ಹೇಳೋಣ ಅಂತ ಟೈಪ್ ಕೂಡ ಮಾಡಿದ್ದೆ. ಆಮೇಲೆ ಅಳಿಸಿ ಇದನ್ನ ಬರೀತಿದೀನಿ.

ಭಾಗ 2

ಇದು ಶುರುವಾಗಿದ್ದು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ. ಸೋದರಮಾವನ ಗೃಹಪ್ರವೇಶಕ್ಕೆ ಹೊಸಪೇಟೆಯಿಂದ ಬೆಂಗಳೂರಿಗೆ ಹೊರಟಿದ್ವಿ. ನನಗೆ ಲೋವರ್ ಬರ್ತ್ ಸಿಗೋವರೆಗೂ ಅಪ್ಪ ಟಿಟಿಇ ಹಿಂದೆ ತಿರುಗಿದ್ರು, ಯಾಕೆ ಅಂತ ಬಿಡಿಸಿ ಹೇಳೋದು ಬೇಡ. ನಡುರಾತ್ರಿ ಎದುರು ಬರ್ತಿನ ಅಜ್ಜಿ ನನ್ನ ಭುಜ ಹಿಡಿದು ಅಲ್ಲಾಡಿಸಿದ್ರು. 'ತಂಗೀ, ಏಳವ್ವ. ನಿನ್ನ ಉಸಿರು ನಿಂತು ನಿಂತು ಬರಾಕತ್ತೈತಿ. ನನಗೆ ಹೆದರಿಕಿ ಆತು.'

ಗೊರಕೆ ಅಂತ ಮನೇಲಿ ನಗ್ತಿದ್ವಿ. ತಂಗಿ ಅದನ್ನ ರೆಕಾರ್ಡ್ ಮಾಡಿ ರಿಂಗ್‌ಟೋನ್ ಕೂಡ ಇಟ್ಟಿದ್ದಳು. ಮಧ್ಯಾಹ್ನದ ಕ್ಲಾಸಲ್ಲಿ ನಾನು ತೂಕಡಿಸೋದು, ಬೆಳಿಗ್ಗೆ ಎದ್ದ ತಕ್ಷಣ ತಲೆ ಸಿಡಿಯೋದು, ಎಲ್ಲದಕ್ಕೂ ಒಂದೇ ಕಾರಣ ಇರಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ತೂಗಿದಾಗ 97.4 ಕೆಜಿ, ಎತ್ತರ 158 ಸೆಂಟಿಮೀಟರ್. ತೂಕವನ್ನ ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದ್ರೆ ಬಿಎಂಐ ಸಿಗುತ್ತೆ. ನಂದು 39. ಸರ್ಜನ್ ಮೇಡಂ ಒಂದು ಬಿಳಿ ಹಾಳೆ ಮೇಲೆ ಹೊಟ್ಟೆಯ ಚಿತ್ರ ಬರೆದು ಉದ್ದಕ್ಕೆ ಒಂದು ಗೆರೆ ಎಳೆದ್ರು. ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ತೆಗೆದುಹಾಕ್ತಾರೆ, ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಉಳಿಯುತ್ತೆ. ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನು ಜಾಸ್ತಿ ತಯಾರಾಗೋದು ತೆಗೆಯೋ ಭಾಗದಲ್ಲೇ. ಇದಕ್ಕೆ ಸ್ಲೀವ್ ಅಂತಾರೆ. ಆದಮೇಲೆ ವಿಟಮಿನ್ ಬಿ12, ಕಬ್ಬಿಣದ ಮಾತ್ರೆಗಳು ಜೀವನಪೂರ್ತಿ. ತೆಗೆದ ಹೊಟ್ಟೆ ವಾಪಸ್ ಬರಲ್ಲ.

'ಇದು ಸುಲಭದ ದಾರಿ ಅಂತ ಬಂದಿದ್ದರೆ ಈಗಲೇ ಮನೆಗೆ ಹೋಗು' ಅಂದ್ರು. ಹೋಗಲಿಲ್ಲ.

ಭಾಗ 3

ಅಮ್ಮ ವಾಪಸ್ ಬರೋವಾಗ ಟ್ರೈನಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದಮೇಲೆ ಫೋನಲ್ಲಿ ಹುಡುಕಿ ನನ್ನ ಮುಂದೆ ಹಿಡಿದ್ರು. ಚೇತನಾ ರಾಜ್ ಸುದ್ದಿ. 2022ರ ಮೇ ತಿಂಗಳಲ್ಲಿ ಬೆಂಗಳೂರಲ್ಲಿ ಕೊಬ್ಬು ತೆಗೆಸೋ ಸರ್ಜರಿ ಆದಮೇಲೆ ತೀರಿಹೋದ ಕಿರುತೆರೆ ನಟಿ. ಆಗ ಅವರಿಗೆ 21. ನನಗಿಂತ ಒಂದೇ ವರ್ಷ ದೊಡ್ಡವರು.

'ಆ ಹುಡುಗಿಗೂ ಒಬ್ಬಳು ತಾಯಿ ಇದ್ದಳು' ಅಂದ್ರು ಅಮ್ಮ. ಅದಕ್ಕೆ ಏನಂತ ಉತ್ತರ ಕೊಡ್ತೀರಿ?

ಅದೂ ಇದೂ ಬೇರೆ ಅಂತ ಹೇಳಿದೆ. ಅದು ಚರ್ಮದ ಕೆಳಗಿನ ಕೊಬ್ಬು ತೆಗೆಯೋದು, ಅಂದಕ್ಕೆ ಮಾಡೋದು. ಇದು ಹೊಟ್ಟೆಗೆ ಮಾಡೋದು, ರೋಗಕ್ಕೆ ಮಾಡೋದು. 'ಎರಡಕ್ಕೂ ಟೇಬಲ್ ಮೇಲೆ ಮಲಗಿಸೇ ಮಾಡ್ತಾರಲ್ಲ' ಅಂದ್ರು. ನಿಜ. ರಕ್ತಸ್ರಾವ ಆಗಬಹುದು, ಹೊಲಿಗೆ ಹಾಕಿದ ಕಡೆ ಸೋರಬಹುದು, ಜೀವ ಹೋಗೋ ಸಾಧ್ಯತೆ ಸಾವಿರಕ್ಕೆ ಒಂದರ ಆಸುಪಾಸು ಅಂತ ಮೇಡಮ್ಮೇ ಹೇಳಿದ್ದರು. ಆ ಸಾವಿರದಲ್ಲಿ ಒಬ್ಬಳು ಯಾರು ಅಂತ ಅಮ್ಮ ಕೇಳ್ತಾ ಇದ್ದಿದ್ದು.

ಅಪ್ಪನದು ಬೇರೆ ರೀತಿ. ಸಂಡೂರಲ್ಲಿ ಅದಿರು ಲಾರಿಗಳ ಆಫೀಸಲ್ಲಿ ಲೆಕ್ಕ ಬರೀತಾರೆ, ಸಂಜೆ ಮನೆಗೆ ಬಂದ್ರೆ ಅಂಗಿ ಕಾಲರ್ ಕೆಂಪು. 'ನಿತಿನ್ ಗಡ್ಕರಿ ಮಾಡಿಸಿಕೊಂಡಿಲ್ಲೇನು? ಆರಾಮ ಅದಾರ' ಅಂತ ಒಂದೇ ಮಾತಲ್ಲಿ ಮುಗಿಸಿದ್ರು. ಆಮೇಲೆ ಬೀರು ತೆಗೆದು ಪಾಲಿಸಿ ಫೈಲ್ ಹುಡುಕೋಕೆ ಶುರು ಮಾಡಿದ್ರು.

ಕಂಪ್ಲಿಯ ಅಜ್ಜಿಗೆ ಹೇಳಿದ್ದು ಕೊನೆಗೆ. ಅಜ್ಜಿ ಹುಲಿಗೆಮ್ಮನಿಗೆ ಹರಕೆ ಹೊತ್ತುಬಿಟ್ಟರು. ಆಪರೇಷನ್ ಚೆನ್ನಾಗಿ ಆಗಲಿ ಅಂತಾನೋ, ಆಗೋದೇ ಬೇಡ ಅಂತಾನೋ, ಕೇಳಿದ್ರೆ ಹೇಳಲ್ಲ. ಹೊಟ್ಟೆ ಕೊಯ್ಸಿಕೊಂಡ ಹುಡುಗಿಯನ್ನ ಯಾರು ಮಾಡ್ಕೋತಾರೆ ಅಂತ ದೊಡ್ಡಮ್ಮ ಕೇಳಿದ್ರು. ಕೊಯ್ಸಿಕೊಳ್ಳದೆ ಇದ್ದಾಗಲೂ ಇದೇ ದೊಡ್ಡಮ್ಮ ಇದೇ ಪ್ರಶ್ನೆ ಕೇಳ್ತಿದ್ರು.

ಭಾಗ 4

ಈಗ ಕಾಮರ್ಸ್‌ನವರು ಸ್ವಲ್ಪ ಗಮನ ಕೊಡಿ.

ಎಸ್ಟಿಮೇಟ್ 3 ಲಕ್ಷ 90 ಸಾವಿರ. ಕೊರೋನಾ ಎರಡನೇ ಅಲೆ ಆದಮೇಲೆ ಅಪ್ಪ ಇಡೀ ಮನೆಗೆ 5 ಲಕ್ಷದ ಆರೋಗ್ಯ ವಿಮೆ ಮಾಡಿಸಿದ್ರು. ಮೊದಲಿಂದ ಇರೋ ಕಾಯಿಲೆಗಳಿಗೆ ಕಾಯೋ ಅವಧಿಯೂ ಮುಗಿದಿತ್ತು. ಹಾಗಾದ್ರೆ ಸಿಗುತ್ತೆ ಅಂದುಕೊಂಡ್ವಿ. ನಾನು ಕೂತು ಪಾಲಿಸಿ ಪೂರ್ತಿ ಓದಿದೆ. ಪರೀಕ್ಷೆಗೂ ಅಷ್ಟು ಓದಿಲ್ಲ.

'ಹೊರತುಪಡಿಸಿದವು' ಅನ್ನೋ ಪಟ್ಟಿಯಲ್ಲಿ 06ನೇ ನಂಬರು, ಬೊಜ್ಜು ಮತ್ತು ತೂಕ ನಿಯಂತ್ರಣ. ವಿಮಾ ನಿಯಂತ್ರಕರಾದ ಐಆರ್‌ಡಿಎಐ ಈ ಮಾತುಗಳನ್ನ ಎಲ್ಲಾ ಕಂಪನಿಗಳಿಗೂ ಒಂದೇ ಥರ ಮಾಡಿದೆ, ಹಾಗಾಗಿ ನಿಮ್ಮ ಮನೆ ಪಾಲಿಸಿಯಲ್ಲೂ ಸಿಗಬಹುದು, ತೆಗೆದು ನೋಡಿ. ಆಪರೇಷನ್ ಡಾಕ್ಟರ್ ಸಲಹೆ ಮೇಲೆ ಆಗಬೇಕು, ಅದಕ್ಕೆ ವೈದ್ಯಕೀಯ ನಿಯಮಗಳ ಬೆಂಬಲ ಇರಬೇಕು, ವಯಸ್ಸು 18 ದಾಟಿರಬೇಕು, ಬಿಎಂಐ 40 ಅಥವಾ ಹೆಚ್ಚಿರಬೇಕು. 40 ಇಲ್ಲ, 35 ದಾಟಿದೆ ಅಂದ್ರೆ ಜೊತೆಗೆ ದೊಡ್ಡ ತೊಂದರೆ ಒಂದಿರಬೇಕು: ಬೊಜ್ಜಿನಿಂದ ಬಂದ ಹೃದಯ ಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ತೀವ್ರವಾದ ಸ್ಲೀಪ್ ಆಪ್ನಿಯ, ಹತೋಟಿಗೆ ಬಾರದ ಟೈಪ್ 2 ಸಕ್ಕರೆ ಕಾಯಿಲೆ. ಬೇರೆ ದಾರಿಗಳು ಫೇಲ್ ಆಗಿರಬೇಕು ಅಂತಾನೂ ಇದೆ.

ಪಿಸಿಓಡಿ ಈ ಪಟ್ಟಿಯಲ್ಲಿಲ್ಲ. ಮೊಣಕಾಲು ನೋವು ಇಲ್ಲ. ಎರಡು ವರ್ಷ ಫೋಟೋ ತೆಗೆಸಿಕೊಳ್ಳದೆ ಇದ್ದಿದ್ದಂತೂ ಇಲ್ಲವೇ ಇಲ್ಲ. ಡಾಕ್ಟರುಗಳ ಅಂತಾರಾಷ್ಟ್ರೀಯ ಸಂಘಗಳು 2022ರಲ್ಲೇ ಬಿಎಂಐ 35 ಇದ್ದರೆ ಸಾಕು, ಏಷ್ಯಾದವರಿಗೆ ಇನ್ನೂ ಕಮ್ಮಿ ಇದ್ರೂ ಯೋಚಿಸಬಹುದು ಅಂದಿವೆ. ಪಾಲಿಸಿಯ ಕಾಗದ ಅಲ್ಲಿವರೆಗೆ ಬಂದಿಲ್ಲ.

ಮೊದಲನೇ ಅರ್ಜಿಗೆ ಕ್ವೆರಿ ಬಂತು. ತೂಕ ಇಳಿಸೋಕೆ ಮಾಡಿದ ಪ್ರಯತ್ನಗಳ ದಾಖಲೆ ಕೊಡಿ ಅಂತ. ನಾನು ಪಿಯುಸಿಯಿಂದ ಮಾಡದೆ ಇದ್ದಿದ್ದು ಏನಿದೆ? ಕಾಲುವೆ ದಂಡೆ ಮೇಲೆ ಬೆಳಿಗ್ಗೆ ಐದೂವರೆಗೆ ವಾಕಿಂಗ್, ಯಾರೂ ನೋಡಬಾರದು ಅಂತ. ಯೂಟ್ಯೂಬ್ ನೋಡಿ ಕೀಟೋ. ಜೀರಿಗೆ ನೀರು. ನಲವತ್ತು ದಿನ ಬರೀ ಒಂದು ಜೋಳದ ರೊಟ್ಟಿ. ಒಂದಕ್ಕೂ ರಸೀದಿ ಇಲ್ಲ. ವೋಚರ್ ಇಲ್ಲದ ಖರ್ಚನ್ನ ಬುಕ್ಸಿಗೆ ತರಬೇಡಿ ಅಂತ ನಮ್ಮ ಅಕೌಂಟ್ಸ್ ಸರ್ ಹೇಳ್ತಾರಲ್ಲ, ಹಾಗಾಯ್ತು. ನಾಲ್ಕು ವರ್ಷದ ಸೋಲು, ಕಾಗದದಲ್ಲಿ ಸೊನ್ನೆ.

ಹಾಗಾಗಿ ಆರು ತಿಂಗಳು ಮೊದಲಿಂದ ಸೋಲಬೇಕಾಯ್ತು, ಈ ಸಲ ಡಯಟಿಷಿಯನ್ ಸಹಿ ಸಮೇತ. ತಿಂಗಳಿಗೊಂದು ಸಲ ತೂಗೋದು, ಬರೆಸೋದು. ಮೊದಲ ತಿಂಗಳು 95ಕ್ಕೆ ಇಳಿದೆ. ಐದನೇ ತಿಂಗಳಿಗೆ ಮತ್ತೆ ಅದೇ 97.4.

ಭಾಗ 5

ಇದನ್ನ ಬರೆಯೋದೋ ಬೇಡವೋ ಅಂತ ತುಂಬಾ ಯೋಚಿಸಿದೆ.

ಪಾಲಿಸಿ ವಿಷಯ ಗೊತ್ತಿರೋ ಒಬ್ಬರು ಅಂಕಲ್ ಮನೆಗೆ ಬಂದಿದ್ರು. ಫೈಲ್ ತಿರುವಿ ಹಾಕಿ ನಕ್ಕರು. '40 ಇದ್ರೆ ಬೇರೆ ಏನೂ ಕೇಳಲ್ಲ. ನಿನಗೆ ಇನ್ನೂ ಎರಡೂವರೆ ಕೆಜಿ ಕಮ್ಮಿ ಅಷ್ಟೇ. ತಿಂದುಬಿಡವ್ವ.' ನಾನು ಲೆಕ್ಕ ಹಾಕಿದೆ, ಸರಿ ಇತ್ತು. 158 ಸೆಂಟಿಮೀಟರಿಗೆ 40 ಬರಬೇಕಂದ್ರೆ 99.9 ಕೆಜಿ.

ಹಂಪಿಯಲ್ಲಿ ವಿಠ್ಠಲ ಗುಡಿ ಹತ್ತಿರ ರಾಜರ ತುಲಾಭಾರದ ಕಲ್ಲಿನ ಕಮಾನು ಇದೆ, ನೋಡಿರ್ತೀರಿ. ರಾಜ ಎಷ್ಟು ತೂಗ್ತಾನೋ ಅಷ್ಟು ದಾನ. ತೂಕ ಜಾಸ್ತಿ ಇದ್ದಷ್ಟೂ ಲಾಭ ಅನ್ನೋ ಇನ್ನೊಂದು ಜಾಗ ನಮ್ಮ ಪಾಲಿಸಿ ಅಂತ ತಂಗಿ ಅಂದಳು. ಮನೆಯವರೆಲ್ಲ ನಕ್ಕರು.

ಮಾರನೇ ದಿನದಿಂದ ತಿಂದೆ. ಬೆಳಿಗ್ಗೆ ವಗ್ಗರಣಿ-ಮಿರ್ಚಿ, ಮಧ್ಯಾಹ್ನ ಅನ್ನದ ಮೇಲೆ ತುಪ್ಪ, ರಾತ್ರಿ ಹೋಳಿಗೆ. ಅಮ್ಮ ತಟ್ಟೆಗೆ ಎರಡನೇ ಹೋಳಿಗೆ ಹಾಕಿದ್ರು. ಹಾಕಿ, ಏನೂ ಹೇಳಲಿಲ್ಲ. ಹತ್ತು ವರ್ಷದಲ್ಲಿ ನನ್ನ ತಟ್ಟೆಗೆ ಏನಾದ್ರೂ ಬಿದ್ದಾಗ ಜೊತೆಗೊಂದು ಮಾತು ಬೀಳದೆ ಇದ್ದಿದ್ದು ಅದೇ ಮೊದಲು. ಮೂರನೇ ದಿನ ತಿಂತಾ ತಿಂತಾ ಅಳು ಬಂತು. ಖಾರ ಆಯ್ತಾ ಅಂತ ಕೇಳಿದ್ರು. ಹೋಳಿಗೆಯಲ್ಲಿ ಎಲ್ಲಿಯ ಖಾರ.

ನಾಲ್ಕನೇ ರಾತ್ರಿ ಎಚ್ಚರ ಆದಾಗ ತಂಗಿ ಹಾಸಿಗೆ ಮೇಲೆ ಕೂತಿದ್ದಳು, ಕೈಯಲ್ಲಿ ಫೋನು. ನಾನು ಉಸಿರಾಡೋದನ್ನ ಎಣಿಸ್ತಿದ್ದಳು. ಒಂದು ಸಲ ನಿಂತಿದ್ದು ಶುರುವಾಗೋಕೆ 41 ಸೆಕೆಂಡ್ ಆಯ್ತಂತೆ. ರಿಂಗ್‌ಟೋನ್ ಅವಳು ಯಾವಾಗಲೋ ತೆಗೆದುಹಾಕಿದ್ದಳು, ನನಗೆ ಗೊತ್ತೇ ಇರಲಿಲ್ಲ.

ಬೆಳಿಗ್ಗೆ ಡಯಟಿಷಿಯನ್‌ಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಬೈಯಲಿಲ್ಲ, ಇದನ್ನ ಮಾಡೋ ಮೊದಲನೆಯವಳು ನೀನಲ್ಲ ಅಂದ್ರು. ಆದ್ರೆ ಹೀಗೆ ತಿಂದ್ರೆ ಲಿವರ್ ಕೊಬ್ಬು ಹೆಚ್ಚಾಗುತ್ತೆ, ಅರಿವಳಿಕೆ ಕೊಡೋದೂ ಕಷ್ಟ ಆಗುತ್ತೆ ಅಂತ ವಿವರಿಸಿದ್ರು. ಕೊನೆಗೆ ಒಂದು ಮಾತು ಕೇಳಿದ್ರು: 'ಉಸಿರಿನ ತೊಂದರೆ ಇದೆ ಅಂತೀಯ, ಸ್ಲೀಪ್ ಸ್ಟಡಿ ಯಾಕೆ ಇನ್ನೂ ಮಾಡಿಸಿಲ್ಲ?'

ಮಾಡಿಸದೆ ಇದ್ದಿದ್ದು ಯಾಕಂದ್ರೆ ಅದಕ್ಕೆ ಬೇರೆ ದುಡ್ಡು, ಮತ್ತೆ ಗೊರಕೆಗೆ ಯಾರು ಟೆಸ್ಟ್ ಮಾಡಿಸ್ತಾರೆ ಅಂತ.

ಭಾಗ 6

ಸ್ಲೀಪ್ ಸ್ಟಡಿ ಅಂದ್ರೆ ತಲೆಗೆ, ಎದೆಗೆ, ಬೆರಳಿಗೆ ವೈರು ಅಂಟಿಸಿ ಒಂದು ರಾತ್ರಿ ಮಲಗಿಸ್ತಾರೆ. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತೆ ಅಥವಾ ಕುಗ್ಗುತ್ತೆ ಅಂತ ಎಣಿಸ್ತಾರೆ. 5ರಿಂದ 15 ಅಂದ್ರೆ ಸೌಮ್ಯ, 30ರವರೆಗೆ ಮಧ್ಯಮ, 30 ಮತ್ತು ಮೇಲಕ್ಕೆ ತೀವ್ರ. ನಂದು 34.

ರಿಪೋರ್ಟ್ ನೋಡಿ ಅಪ್ಪ 'ಆತು, ಪಾಸಾತು' ಅಂದ್ರು. ಅಂದಮೇಲೆ ಅವರಿಗೇ ತಾವೇನಂದ್ವಿ ಅಂತ ಹೊಳೆದು ಹೊರಗೆ ಹೋಗಿ ನಿಂತರು. ತುಂಬಾ ಹೊತ್ತು ಒಳಗೆ ಬರಲಿಲ್ಲ.

ಆರು ತಿಂಗಳ ಡಯಟ್ ದಾಖಲೆ, ಸ್ಲೀಪ್ ರಿಪೋರ್ಟು, ಎಂಡೋಸ್ಕೋಪಿ, ಮಾನಸಿಕ ತಜ್ಞರ ಪತ್ರ, ಸರ್ಜನ್ ಪತ್ರ ಸೇರಿ ಎರಡನೇ ಅರ್ಜಿ ಹೋಯ್ತು. ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯೊಳಗೆ ತೀರ್ಮಾನ ಹೇಳಬೇಕು ಅಂತ 2024ರಿಂದ ನಿಯಮ ಇದೆ. ನಮಗೆ ಮತ್ತೆರಡು ಕ್ವೆರಿ, ಒಂಬತ್ತು ದಿನ. ಹತ್ತನೇ ದಿನ ಕಾಸ್ಟಿಂಗ್ ಕ್ಲಾಸಲ್ಲಿ ಇದ್ದಾಗ ಮೆಸೇಜ್ ಬಂತು: 2 ಲಕ್ಷ 80 ಸಾವಿರ ಮಂಜೂರು. ಉಳಿದ 1 ಲಕ್ಷ 10 ಸಾವಿರಕ್ಕೆ ಅಮ್ಮನ ಚೀಟಿ ದುಡ್ಡು. ಹೌದು, ಅಮ್ಮಂದೇ. ಒಪ್ಪಿದೀನಿ ಅಂತ ಅವರು ಇನ್ನೂ ಬಾಯಿಬಿಟ್ಟು ಹೇಳಿಲ್ಲ, ಚೀಟಿ ಮಾತ್ರ ಎತ್ತಿದ್ರು.

ಯಾರ ಮನೇಲಾದ್ರೂ ಇಂಥ ಕ್ಲೇಮ್ ತಿರಸ್ಕಾರ ಆದ್ರೆ ಅಲ್ಲಿಗೇ ಬಿಡಬೇಡಿ. ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ರೆ, ಬಂದ ಉತ್ತರ ಸರಿ ಅನ್ನಿಸದಿದ್ರೆ, ಬೆಂಗಳೂರಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಫೀಸಿಲ್ಲ, ವಕೀಲರೂ ಬೇಡ. ನಾನು ಆ ಅರ್ಜಿಯನ್ನ ಡೌನ್‌ಲೋಡ್ ಮಾಡಿ ಅರ್ಧ ತುಂಬಿಸಿಟ್ಟಿದ್ದೆ.

ನಿನ್ನೆಯಿಂದ ಎರಡು ವಾರದ ಡಯಟ್ ಶುರು. ಪ್ರೋಟೀನ್ ಪುಡಿ, ಮಜ್ಜಿಗೆ, ಸೋಸಿದ ಬೇಳೆಕಟ್ಟು. ಲಿವರ್ ಕುಗ್ಗಬೇಕು, ಇಲ್ಲಾಂದ್ರೆ ಅದು ಹೊಟ್ಟೆ ಮೇಲೆ ಕೂತು ಡಾಕ್ಟರಿಗೆ ದಾರಿ ಬಿಡಲ್ಲ. ರಾತ್ರಿ ಮುಖಕ್ಕೆ ಸಿಪ್ಯಾಪ್ ಅನ್ನೋ ಮಷೀನಿನ ಮಾಸ್ಕ್ ಹಾಕ್ಕೊಂಡು ಮಲಗ್ತೀನಿ, ಎರಡನೇ ಫೋಟೋದಲ್ಲಿರೋದು ಅದೇ. ತಂಗಿಗೆ ಆನೆ ಥರ ಕಾಣ್ತೀನಂತೆ. ಆದ್ರೂ ಅವಳೀಗ ರಾತ್ರಿ ಪೂರ್ತಿ ನಿದ್ದೆ ಮಾಡ್ತಾಳೆ.

ಹೆದರಿಕೆ ಇದೆ. ಜಾಸ್ತಿನೇ ಇದೆ. 'ಸಾಸಿವೆ' ಅಂತ ಕರೀಬೇಡಿ, ಹೆಸರಿಟ್ಟವರು ಇದನ್ನ ಓದ್ತಾ ಇದೀರಿ ಅಂತ ಗೊತ್ತು. ಕಮೆಂಟಲ್ಲಿ ಡಯಟ್ ಟಿಪ್ಸ್ ಬೇಡ, ಜೀರಿಗೆ ನೀರು ಅಂತೂ ಬೇಡವೇ ಬೇಡ. ಕಾಸ್ಟಿಂಗ್ ನೋಟ್ಸ್ ಯಾರ ಹತ್ರ ನೀಟಾಗಿದೆ ಹೇಳಿ, ಇಂಟರ್ನಲ್ಸ್‌ಗೆ ಮುಂಚೆ ವಾಪಸ್ ಬರ್ತೀನಿ. ಹಂಪಿ ಎಕ್ಸ್‌ಪ್ರೆಸ್ ಟಿಕೆಟ್ ಬುಕ್ ಆಗಿದೆ. ಲೋವರ್ ಬರ್ತೇ ಸಿಕ್ಕಿದೆ.